ಎರಡನೇ ಸ್ಪೀಕರ್ ಹಾಕಿದ ಮೇಲೆ ಸದ್ದು ಕಮ್ಮಿಯಾದರೆ ಎಲ್ಲಿ ಹುಡುಕಬೇಕು

ತೊಂದರೆ ಹೀಗೆ ಶುರುವಾಗುತ್ತದೆ. ಒಂದೇ ಸ್ಪೀಕರ್ ಇದ್ದಾಗ ಹಾಡು ಚೆನ್ನಾಗಿಯೇ ಕೇಳುತ್ತಿತ್ತು. ಡ್ರಮ್ ಬಿದ್ದರೆ ಎದೆಗೆ ತಾಗುತ್ತಿತ್ತು. ಇನ್ನೊಂದು ಸ್ಪೀಕರ್ ತಂದು ಜೋಡಿಸಿದಿರಿ. ಸದ್ದು ಜಾಸ್ತಿ ಆಗಬೇಕು ಅಲ್ವಾ? ಆಗಲಿಲ್ಲ. ಹಾಡಿನವರ ದನಿ ಇದೆ, ತಾಳದ ಚಿಲ್ ಚಿಲ್ ಇದೆ, ಬೇಸ್, ಅಂದರೆ ಗುಂಯ್ ಅನ್ನುವ ಕೆಳಸ್ವರದ ಸದ್ದು, ಮಾತ್ರ ಮಾಯ. ಎಲ್ಲ ಡಬ್ಬಿಯೊಳಗಿಂದ ಬಂದ ಹಾಗೆ ಟೊಳ್ಳು ಟೊಳ್ಳು. ಎರಡನೆಯದನ್ನು ಕಿತ್ತರೆ ಬೇಸ್ ಮತ್ತೆ ಹಾಜರ್.

ನನಗೆ ಮೊದಲ ಸಲ ಹೀಗಾದಾಗ ಎರಡು ಸಂಜೆ ಹಾಳು ಮಾಡಿಕೊಂಡೆ. ಸ್ಪೀಕರ್ ಕೆಟ್ಟಿದೆ ಅಂತ ಡಬ್ಬಿ ಬಿಚ್ಚಿದೆ. ಒಳಗಿನ ಕಾಯಿಲ್ (ತಂತಿಯ ಸುರುಳಿ) ಅಳೆದೆ, ಸರಿಯಿತ್ತು. ಆಂಪ್ಲಿಫೈಯರ್ ಮೇಲೆ ಅನುಮಾನ ಬಂತು, ಅದನ್ನೂ ಬದಲಾಯಿಸಿ ನೋಡಿದೆ. ಕೆಟ್ಟಿದ್ದು ಏನೂ ಇರಲಿಲ್ಲ. ಎರಡು ಸ್ಪೀಕರೂ ಸರಿ, ಆಂಪ್ಲಿಫೈಯರೂ ಸರಿ. ಅವುಗಳಿಂದ ಹೊರಟ ಅಲೆಗಳು ನಡುವೆ ಗಾಳಿಯಲ್ಲಿ ಒಂದನ್ನೊಂದು ಕಳೆಯುತ್ತಿದ್ದವು. ದೋಷ ಯಾವ ಪೆಟ್ಟಿಗೆಯೊಳಗೂ ಇಲ್ಲದಿದ್ದಾಗ ಪೆಟ್ಟಿಗೆ ಬಿಚ್ಚಿ ಸಿಗುವುದಾದರೂ ಏನು?

ಅದಕ್ಕೇ ಈಗ ನನ್ನ ಕ್ರಮ ಬೇರೆ. ಮೊದಲು ಒಂದನ್ನು ನಿಲ್ಲಿಸಿ ಕೇಳುತ್ತೇನೆ. ಆಮೇಲೆ ಕೋಣೆಯಲ್ಲಿ ಓಡಾಡಿ ಕೇಳುತ್ತೇನೆ. ಸ್ಕ್ರೂ ಡ್ರೈವರ್ ಕೈಗೆ ತೆಗೆದುಕೊಳ್ಳುವುದು ಇವೆರಡೂ ಮುಗಿದ ಮೇಲೆ.

ಕೂಡುವ ಲೆಕ್ಕ

ಒಂದು ಜಾಗದ ಗಾಳಿ ಒಂದು ಕ್ಷಣಕ್ಕೆ ಒಂದೇ ರೀತಿ ಅಲ್ಲಾಡಲು ಸಾಧ್ಯ. ಒಂದು ಅಲೆ ಅದನ್ನು ಇಷ್ಟು ಒತ್ತುತ್ತದೆ, ಇನ್ನೊಂದು ಅಲೆ ಅಷ್ಟು ಎಳೆಯುತ್ತದೆ. ಕೊನೆಗೆ ಕಿವಿಗೆ ತಲುಪುವುದು ಎರಡರ ಮೊತ್ತ. ಪಠ್ಯಪುಸ್ತಕ ಇದನ್ನು ಅಧ್ಯಾರೋಪಣ ಅನ್ನುತ್ತದೆ, ಹಾಗೆ ಕೂಡಿದಾಗ ಕಾಣುವ ಏರುಪೇರನ್ನು ವ್ಯತಿಕರಣ ಅನ್ನುತ್ತದೆ. ಹೆಸರು ದೊಡ್ಡದು, ಲೆಕ್ಕ ಕೂಡು-ಕಳೆ ಅಷ್ಟೇ.

ಉಬ್ಬಿನ ಮೇಲೆ ಉಬ್ಬು ಕೂತರೆ ಅಲೆಯ ಎತ್ತರ ಎರಡು ಪಟ್ಟು ಆಗುತ್ತದೆ. ಆ ಜಾಗದಲ್ಲಿ ತೀವ್ರತೆ ಎತ್ತರದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ನಾಲ್ಕು ಪಟ್ಟು, ಅಂದರೆ ಸದ್ದು ಅಳೆಯುವ ಡೆಸಿಬಲ್ ಲೆಕ್ಕದಲ್ಲಿ 6 ಜಾಸ್ತಿ. ಉಬ್ಬಿನ ಮೇಲೆ ತಗ್ಗು ಕೂತರೆ ಸೊನ್ನೆ. ನಡುವೆ ಒಂದು ಮೋಜಿನ ಸ್ಥಿತಿ ಇದೆ. ಎರಡು ಅಲೆಗಳ ನಡುವೆ ಸುತ್ತಿನ (ಒಂದು ಉಬ್ಬು, ಒಂದು ತಗ್ಗು ಸೇರಿದರೆ ಒಂದು ಸುತ್ತು) ಮೂರನೇ ಒಂದು ಭಾಗದಷ್ಟು, ಅಂದರೆ 120 ಡಿಗ್ರಿ ವ್ಯತ್ಯಾಸ ಇದ್ದರೆ ಮೊತ್ತ ಸರಿಯಾಗಿ ಒಂದೇ ಅಲೆಯಷ್ಟು ಬರುತ್ತದೆ. ಎರಡನೇ ಸ್ಪೀಕರ್ ಇದ್ದೂ ಇಲ್ಲದ ಹಾಗೆ. "ಎರಡನೆಯದು ಓಡುತ್ತಲೇ ಇಲ್ಲ" ಅನ್ನುವ ದೂರು ಕೆಲವು ಸಲ ಇಲ್ಲಿಂದಲೇ ಹುಟ್ಟುತ್ತದೆ.

ಹೀಗೆ ಕಳೆದುಕೊಳ್ಳಬೇಕಾದರೆ ಎರಡೂ ಅಲೆ ಒಂದೇ ಸ್ವರದವಾಗಿರಬೇಕು, ಅವುಗಳ ನಡುವಿನ ಹೊಂದಾಣಿಕೆ ಕದಲಬಾರದು. ಎರಡು ಸ್ಪೀಕರಿನಲ್ಲಿ ಎರಡು ಬೇರೆ ಬೇರೆ ಹಾಡು ಹಾಕಿದರೆ ಯಾವುದೂ ಯಾವುದನ್ನೂ ಅಳಿಸುವುದಿಲ್ಲ. ಆಗ ತೀವ್ರತೆ ಸರಾಸರಿ ಎರಡು ಪಟ್ಟು, 3 ಡೆಸಿಬಲ್, ಅಷ್ಟೇ. ಇನ್ನೊಂದು ಮಾತು: ಸೊನ್ನೆಯಾದ ಜಾಗದಲ್ಲಿ ಅಲೆಗಳು ಸಾಯುವುದಿಲ್ಲ. ಒಂದರೊಳಗಿಂದ ಒಂದು ದಾಟಿ ಮುಂದೆ ಹೋಗುತ್ತವೆ, ಎರಡು ಹೆಜ್ಜೆ ಆಚೆ ನಿಂತವರಿಗೆ ಜೋರಾಗಿಯೇ ಕೇಳುತ್ತವೆ. ಓಡಾಡಿ ಕೇಳಿ ಅಂತ ಹೇಳಿದ್ದು ಇದಕ್ಕೇ.

ಪರೀಕ್ಷೆಗೆ ಬೇಕಾದ್ದು

ಫೋನಿನಲ್ಲಿ ಒಂದೇ ಸ್ವರ ಹೊರಡಿಸುವ ಆ್ಯಪ್ ಒಂದು ಸಾಕು. 100 ಹರ್ಟ್ಸ್, 500 ಹರ್ಟ್ಸ್ ಎರಡು ಸ್ವರ ಇಟ್ಟುಕೊಳ್ಳಿ. ಹರ್ಟ್ಸ್ ಅಂದರೆ ಗಾಳಿ ಸೆಕೆಂಡಿಗೆ ಎಷ್ಟು ಸಲ ಅಲ್ಲಾಡುತ್ತದೆ ಅನ್ನುವ ಎಣಿಕೆ. ಹಾಡು ಹಾಕಿ ಪರೀಕ್ಷೆ ಮಾಡಬೇಡಿ, ಹಾಡಿನಲ್ಲಿ ನೂರಾರು ಸ್ವರ ಬೆರೆತಿರುತ್ತವೆ, ಒಂದು ಕಳೆದರೆ ಇನ್ನೊಂದು ಮುಚ್ಚಿಹಾಕುತ್ತದೆ. ಸದ್ದು ಸಣ್ಣದಾಗಿರಲಿ. ಒಂದೇ ಸ್ವರವನ್ನು ಜೋರಾಗಿ ಬಹಳ ಹೊತ್ತು ಹಾಕಿದರೆ ಸ್ಪೀಕರಿನ ಕಾಯಿಲ್ ಬಿಸಿಯಾಗುತ್ತದೆ.

ಅಲೆಯ ಉದ್ದ ತಿಳಿದಿರಲಿ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಹರ್ಟ್ಸ್‌ನಿಂದ ಭಾಗಿಸಿದರೆ ತರಂಗಾಂತರ ಬಂತು. 100 ಹರ್ಟ್ಸ್‌ಗೆ 3.43 ಮೀಟರ್, ಒಂದು ಕೋಣೆಯಷ್ಟು. 500 ಹರ್ಟ್ಸ್‌ಗೆ ಸುಮಾರು 69 ಸೆಂಟಿಮೀಟರ್. 5000 ಹರ್ಟ್ಸ್‌ಗೆ 7 ಸೆಂಟಿಮೀಟರೂ ಇಲ್ಲ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ. ಈ ಮೂರು ಅಳತೆ ಮನಸ್ಸಿನಲ್ಲಿದ್ದರೆ ಮುಂದಿನ ಅರ್ಧ ಕೆಲಸ ಮುಗಿದ ಹಾಗೆ.

ಒಂದನ್ನು ನಿಲ್ಲಿಸಿ ನೋಡಿ

100 ಹರ್ಟ್ಸ್ ಹಾಕಿ ಮಾಮೂಲಿ ಕೂರುವ ಜಾಗದಲ್ಲಿ ಕೂತುಕೊಳ್ಳಿ. ಒಂದು ಸ್ಪೀಕರಿನ ವೈರ್ ಬಿಡಿಸಿ. ಸದ್ದು ಏರಿತಾ? ಹಾಗಾದರೆ ಆ ಎರಡು ಸ್ಪೀಕರುಗಳೇ ಕಳೆಯುವ ಆಟ ಆಡುತ್ತಿವೆ. ಒಂದೇ ಇದ್ದಾಗಲೂ ಆ ಜಾಗದಲ್ಲಿ ಸದ್ದು ಸತ್ತೇ ಇದೆಯಾ? ಹಾಗಾದರೆ ಎರಡನೇ ಅಲೆ ಸ್ಪೀಕರಿನದಲ್ಲ, ಗೋಡೆಯಿಂದ ವಾಪಸ್ ಬಂದದ್ದು.

ಸುಮ್ನೆ ಹೇಳುತ್ತಿಲ್ಲ, ಈ ಪರೀಕ್ಷೆಗೆ ದೊಡ್ಡ ಇತಿಹಾಸ ಇದೆ. ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ 1803ರಲ್ಲಿ ಬೆಳಕಿನ ಮೇಲೆ ಮಾಡಿದ್ದು ಇದನ್ನೇ. ಕಿಟಕಿಯ ಸಣ್ಣ ತೂತಿನಿಂದ ಬಂದ ಬಿಸಿಲಿನ ಕೋಲಿಗೆ ಅಡ್ಡಲಾಗಿ ಒಂದು ತೆಳು ಕಾಗದದ ಪಟ್ಟಿ ಹಿಡಿದ. ಅದರ ನೆರಳಿನೊಳಗೆ ಗೆರೆ ಗೆರೆ ಕಂಡವು. ಆಮೇಲೆ ಪಟ್ಟಿಯ ಒಂದು ಪಕ್ಕದಿಂದ ಬರುವ ಬೆಳಕನ್ನು ಮಾತ್ರ ತಡೆದ. ಇನ್ನೊಂದು ಪಕ್ಕದ ಬೆಳಕು ಹಾಗೇ ಇತ್ತು, ಆದರೂ ಗೆರೆಗಳೆಲ್ಲ ಹೋದವು. ಒಂದು ಬೆಳಕಿನಿಂದ ಆದ ಗೆರೆಯಾಗಿದ್ದರೆ ಹೋಗಬಾರದಿತ್ತು. ವೈರ್ ಕೀಳುವಾಗ ನಾವು ಮಾಡುವ ತರ್ಕ ಇದಕ್ಕಿಂತ ಬೇರೆಯಲ್ಲ.

ಕೋಣೆಯೆಲ್ಲ ಬೇಸ್ ಇಲ್ಲವಾದರೆ: ಪ್ಲಸ್ ಮೈನಸ್ ಅದಲು ಬದಲು

ಈಗ ಎರಡೂ ಸ್ಪೀಕರ್ ಹಾಕಿ, ಎರಡರ ನಟ್ಟ ನಡುವಿನ ಗೆರೆಯ ಮೇಲೆ ಹಿಂದೆ ಮುಂದೆ ನಡೆಯಿರಿ. ಆ ಗೆರೆಯ ಮೇಲೆ ಎರಡು ಸ್ಪೀಕರಿಗೂ ದೂರ ಒಂದೇ. ಅಲೆಗಳು ಒಟ್ಟಿಗೆ ಬರಲೇಬೇಕು, ಸದ್ದು ಜೋರಾಗಿರಲೇಬೇಕು. ಅಲ್ಲೇ ಬೇಸ್ ಸತ್ತು, ಪಕ್ಕಕ್ಕೆ ಸರಿದಂತೆ ಬದುಕಿದರೆ ಅನುಮಾನವೇ ಬೇಡ. ಒಂದು ಸ್ಪೀಕರಿಗೆ ವೈರ್ ತಿರುಗುಮುರುಗು ಆಗಿದೆ. ಒಂದರ ಕೋನ್ (ಗಾಳಿಯನ್ನು ಅಲ್ಲಾಡಿಸುವ ಬಟ್ಟಲಿನಂಥ ಭಾಗ) ಹೊರಗೆ ತಳ್ಳುವಾಗ ಇನ್ನೊಂದರದು ಒಳಗೆ ಎಳೆಯುತ್ತಿದೆ.

ನನ್ನ ಮನೆಯಲ್ಲಿ ಆದದ್ದು ಇದೇ. ವೈರಿನ ಒಂದು ಎಳೆಗೆ ಸಣ್ಣ ಗೆರೆ ಇತ್ತು. ಆಂಪ್ಲಿಫೈಯರ್ ಕಡೆ ಗೆರೆಯದು ಕೆಂಪು (ಪ್ಲಸ್) ತೂತಿಗೆ ಹೋಗಿತ್ತು, ಸ್ಪೀಕರ್ ಕಡೆ ಕಪ್ಪಿಗೆ. ಮಂಚದ ಹಿಂದೆ ಕೈ ತೂರಿಸಿ, ಮಬ್ಬು ಬೆಳಕಿನಲ್ಲಿ ಜೋಡಿಸಿದ್ದರ ಫಲ.

ಖಾತ್ರಿ ಮಾಡಿಕೊಳ್ಳಲು ಎರಡು ದಾರಿ. ಮೊದಲನೆಯದು: ಎರಡು ಸ್ಪೀಕರನ್ನೂ ಒಂದು ಗೇಣು ದೂರದಲ್ಲಿ ಮುಖಾಮುಖಿ ನಿಲ್ಲಿಸಿ 100 ಹರ್ಟ್ಸ್ ಹಾಕಿ. ವೈರ್ ಸರಿಯಿದ್ದರೆ ಗುಂಯ್ ಅನ್ನುವುದು ತುಂಬಿ ಕೇಳುತ್ತದೆ. ತಪ್ಪಿದ್ದರೆ ಸ್ಪೀಕರುಗಳನ್ನು ಹತ್ತಿರ ತಂದಷ್ಟೂ ಸದ್ದು ಸೋರಿ ಹೋಗುತ್ತದೆ. ಬೆರಳ ತುದಿಯನ್ನು ಕೋನಿಗೆ ಮೆಲ್ಲಗೆ ಮುಟ್ಟಿಸಿ ನೋಡಿ. ಕೋನ್ ನಡುಗುತ್ತಲೇ ಇರುತ್ತದೆ, ಕಿವಿಗೆ ಮಾತ್ರ ಹೆಚ್ಚೇನೂ ಬರುವುದಿಲ್ಲ. ಇದನ್ನು ಒಮ್ಮೆ ಬೆರಳಲ್ಲಿ ಕಂಡವರು ಮರೆಯುವುದಿಲ್ಲ. ಒಂದು ಕೋನ್ ತಳ್ಳಿದ ಗಾಳಿಯನ್ನು ಇನ್ನೊಂದು ಕೋನ್ ಅಲ್ಲೇ ಎಳೆದುಕೊಳ್ಳುತ್ತಿದೆ, ಕೋಣೆಗೆ ಹೋಗಲು ಬಿಡುತ್ತಿಲ್ಲ.

ಎರಡನೆಯದು ಬ್ಯಾಟರಿ. ಆಂಪ್ಲಿಫೈಯರ್ ಆರಿಸಿ, ಸ್ಪೀಕರ್ ವೈರ್ ಬಿಡಿಸಿ, 1.5 ವೋಲ್ಟ್ ಬ್ಯಾಟರಿಯ ಪ್ಲಸ್ ಅನ್ನು ಕೆಂಪು ಟರ್ಮಿನಲ್‌ಗೆ, ಮೈನಸ್ ಅನ್ನು ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿ. ದೊಡ್ಡ ಕೋನ್ ಸಾಮಾನ್ಯವಾಗಿ ಹೊರಗೆ ಹಾರುತ್ತದೆ. ಎರಡು ಸ್ಪೀಕರಿನಲ್ಲೂ ಒಂದೇ ಕಡೆಗೆ ಹಾರಬೇಕು, ಅದು ಮುಖ್ಯ. ಒಂದು ಹೊರಗೆ, ಒಂದು ಒಳಗೆ ಹೋದರೆ ಪೆಟ್ಟಿಗೆಯ ಒಳಗೇ ಯಾರೋ ತಪ್ಪು ಬೆಸುಗೆ ಹಾಕಿದ್ದಾರೆ ಅಂತ ಅರ್ಥ. ಎತ್ತರದ ಸ್ವರ ಹೊರಡಿಸುವ ಸಣ್ಣ ಟ್ವೀಟರ್‌ಗೆ ಈ ಬ್ಯಾಟರಿ ಪರೀಕ್ಷೆ ಬೇಡ.

ಸರಿಪಡಿಸುವುದು ಸುಲಭ: ಒಂದು ಸ್ಪೀಕರಿನ ಎರಡು ವೈರ್ ಅದಲು ಬದಲು ಮಾಡಿ. ಒಂದರದು ಮಾತ್ರ. ಉತ್ಸಾಹದಲ್ಲಿ ಎರಡರದನ್ನೂ ತಿರುಗಿಸಿದರೆ ಮತ್ತೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತೀರಿ. ನಗಬೇಡಿ, ನಾನು ಮಾಡಿದ್ದೇನೆ.

ಇಷ್ಟಾಗಿ ಬೇಸ್ ಮಾತ್ರ ಯಾಕೆ ಹೋಗುತ್ತದೆ, ಎತ್ತರದ ಸ್ವರ ಯಾಕೆ ಉಳಿಯುತ್ತದೆ? ಕೋಣೆಯಲ್ಲಿ ಕೂತವರಿಗೆ ಎರಡು ಸ್ಪೀಕರಿನ ದೂರದಲ್ಲಿ ಹತ್ತಿಪ್ಪತ್ತು ಸೆಂಟಿಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. 3.43 ಮೀಟರ್ ಉದ್ದದ ಅಲೆಗೆ ಅದು ಲೆಕ್ಕಕ್ಕೇ ಇಲ್ಲ, ಹಾಗಾಗಿ ಎಲ್ಲಿ ಕೂತರೂ ಉಬ್ಬಿಗೆ ತಗ್ಗು ಎದುರಾಗುತ್ತದೆ. 7 ಸೆಂಟಿಮೀಟರ್ ಅಲೆಗೆ ಅದೇ ವ್ಯತ್ಯಾಸ ಎರಡು ಮೂರು ಸುತ್ತು. ಅಲ್ಲೊಂದು ಕಡೆ ಕೂಡಿ, ಇಲ್ಲೊಂದು ಕಡೆ ಕಳೆದು, ಸರಾಸರಿಯಲ್ಲಿ ಏನೂ ಆಗದ ಹಾಗೆ ಕೇಳುತ್ತದೆ.

ಒಂದು ಎಚ್ಚರಿಕೆ. ಪೆಟ್ಟಿಗೆಯೊಳಗೆ ಟ್ವೀಟರಿನ ವೈರ್ ತಿರುಗುಮುರುಗು ಕಂಡರೆ ಆತುರ ಬೇಡ. ಸ್ವರಗಳನ್ನು ಬೇರೆ ಮಾಡಿ ಟ್ವೀಟರಿಗೂ ದೊಡ್ಡ ಕೋನಿಗೂ ಹಂಚುವ ಭಾಗಕ್ಕೆ ಕ್ರಾಸ್‌ಓವರ್ ಅನ್ನುತ್ತಾರೆ. ಕೆಲವು ಕ್ರಾಸ್‌ಓವರ್ ವಿನ್ಯಾಸಗಳಲ್ಲಿ ಎರಡು ಭಾಗಗಳ ನಡುವೆ 180 ಡಿಗ್ರಿ ವ್ಯತ್ಯಾಸ ಬರುತ್ತದೆ, ಅದನ್ನು ಸರಿದೂಗಿಸಲು ಬೇಕೆಂದೇ ಹಾಗೆ ಜೋಡಿಸಿರುತ್ತಾರೆ. "ಸರಿ" ಮಾಡಲು ಹೋದರೆ ಕೆಡುತ್ತದೆ.

ಒಂದು ಕುರ್ಚಿಯಲ್ಲಿ ಮಾತ್ರ ತೊಂದರೆ: ದೂರದ ವ್ಯತ್ಯಾಸ

ತಲೆ ಸ್ವಲ್ಪ ಆಚೀಚೆ ಮಾಡಿದರೆ ಸದ್ದಿನ ಬಣ್ಣವೇ ಬದಲಾಗುತ್ತದೆಯಾ? ಆಗ ವೈರ್ ಮುಟ್ಟಬೇಡಿ, ಅಳತೆ ಟೇಪ್ ತೆಗೆದುಕೊಳ್ಳಿ. ಕಿವಿಯಿಂದ ಒಂದು ಸ್ಪೀಕರ್ 3 ಮೀಟರ್, ಇನ್ನೊಂದು 3.5 ಮೀಟರ್ ಇದೆ ಅನ್ನಿ. ವ್ಯತ್ಯಾಸ ಅರ್ಧ ಮೀಟರ್. ಯಾವ ಸ್ವರಕ್ಕೆ ಅರ್ಧ ಮೀಟರ್ ಅಂದರೆ ಸರಿಯಾಗಿ ಅರ್ಧ ಅಲೆಯೋ, ಆ ಸ್ವರ ಕಳೆದುಹೋಗುತ್ತದೆ. ಇಲ್ಲಿ 1 ಮೀಟರ್ ಅಲೆ, ಅಂದರೆ 343 ಹರ್ಟ್ಸ್. ಒಂದೂವರೆ ಅಲೆಗೂ ಅದೇ ಗತಿ, ಎರಡೂವರೆಗೂ: 1029, 1715 ಹರ್ಟ್ಸ್. ಇವುಗಳ ನಡುವೆ 686, 1372ರಲ್ಲಿ ಜೋರು. ಹಾಳೆಯ ಮೇಲೆ ಬರೆದರೆ ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಕುಸಿತ ಕಾಣುತ್ತದೆ. ಕಿವಿಗೆ ಕೊಳವೆಯೊಳಗಿಂದ ಮಾತಾಡಿದ ಹಾಗಿರುತ್ತದೆ.

ತಿರುಗುಮುರುಗು ವೈರಿಗೂ ಇದಕ್ಕೂ ಇರುವ ಫರಕು ಇಲ್ಲಿದೆ. ವೈರ್ ತಪ್ಪಿದರೆ ಎಲ್ಲ ಸ್ವರವೂ ಒಂದೇ ಸಲ ಉಲ್ಟಾ ಆಗುತ್ತದೆ. ದೂರ ತಪ್ಪಿದರೆ ಒಂದೊಂದು ಸ್ವರ ಒಂದೊಂದಷ್ಟು ಹಿಂದೆ ಬೀಳುತ್ತದೆ. ಎರಡನ್ನೂ "ಫೇಸ್ ತಪ್ಪಿದೆ" ಅಂತ ಒಂದೇ ಮಾತಿನಲ್ಲಿ ಹೇಳುವ ಅಭ್ಯಾಸ ಇದೆ, ಫೇಸ್ ಅಂದರೆ ಅಲೆಗಳ ಉಬ್ಬು ತಗ್ಗಿನ ಹೊಂದಾಣಿಕೆ. ಆ ಅಭ್ಯಾಸದಿಂದಲೇ ದೂರದ ದೋಷಕ್ಕೆ ವೈರ್ ತಿರುಗಿಸುತ್ತಾ ಕೂರುವವರು ಹುಟ್ಟಿಕೊಳ್ಳುವುದು. ತಿರುಗಿಸಿದರೆ ಕುಸಿತಗಳು 343ರಿಂದ 686ಕ್ಕೆ ಹೋಗಿ ಕೂರುತ್ತವೆ, ಜೊತೆಗೆ ಬೇಸೂ ಕೈಬಿಡುತ್ತದೆ.

ಮದ್ದು: ಸ್ಪೀಕರ್ ಸರಿಸಿ ದೂರ ಸಮ ಮಾಡಿ. ಆಗದಿದ್ದರೆ ಹತ್ತಿರದ ಸ್ಪೀಕರನ್ನು ತಡಮಾಡಿಸುವ ಸೆಟ್ಟಿಂಗ್ ಇದೆಯಾ ನೋಡಿ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ, ಹಾಗಾಗಿ ಅರ್ಧ ಮೀಟರಿಗೆ 1.46 ಮಿಲಿಸೆಕೆಂಡ್. ಆ ಒಂದು ಕುರ್ಚಿಗೆ ಮಾತ್ರ ಅದು ಸರಿ ಅನ್ನುವುದು ನೆನಪಿರಲಿ.

ವೈರ್ ಇಲ್ಲದ ಸ್ಪೀಕರುಗಳಲ್ಲಿ ಟೇಪಿಗೆ ಸಿಗದ ದೂರವೂ ಇರುತ್ತದೆ. ಒಂದು ಸ್ಪೀಕರ್ 5 ಮಿಲಿಸೆಕೆಂಡ್ ತಡವಾಗಿ ಬಾಯಿಬಿಟ್ಟರೆ, ನೀವು ನಟ್ಟ ನಡುವೆ ಕೂತಿದ್ದರೂ 100 ಹರ್ಟ್ಸ್ ಕಳೆದುಹೋಗುತ್ತದೆ, 200 ಜೋರಾಗುತ್ತದೆ, 300 ಮತ್ತೆ ಮಾಯ. ಒಬ್ಬನೇ ಮಾತಾಡುವಾಗ ಎರಡು ಮೈಕ್ ತೆರೆದಿದ್ದರೂ ಇದೇ ಕತೆ. ಒಂದು ಮೈಕ್ ಮುಚ್ಚಿ, ದನಿ ತುಂಬಿ ಬಂದರೆ ಕಾರಣ ಸಿಕ್ಕಿತು.

ಒಂದೇ ಸ್ಪೀಕರ್ ಇದ್ದರೂ ತೊಂದರೆ: ಗೋಡೆ

ಇದು ಎಲ್ಲಕ್ಕಿಂತ ತಲೆ ತಿನ್ನುವ ದೋಷ, ಯಾಕೆಂದರೆ ಎರಡನೇ ಸ್ಪೀಕರ್ ಕಣ್ಣಿಗೆ ಕಾಣುವುದಿಲ್ಲ. ಬೇಸ್ ಸ್ಪೀಕರಿನ ಹಿಂದಕ್ಕೂ ಹರಡುತ್ತದೆ, ಹಿಂದಿನ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಸ್ಪೀಕರ್ ಗೋಡೆಯಿಂದ 1 ಮೀಟರ್ ಮುಂದಿದ್ದರೆ ಆ ಅಲೆ 2 ಮೀಟರ್ ಜಾಸ್ತಿ ನಡೆದಿರುತ್ತದೆ. 2 ಮೀಟರ್ ಅರ್ಧ ಅಲೆಯಾಗುವ ಸ್ವರ ಸುಮಾರು 86 ಹರ್ಟ್ಸ್. ಡ್ರಮ್ಮಿನ ಗುದ್ದು ಇರುವುದೇ ಆ ಆಸುಪಾಸಿನಲ್ಲಿ. ಸ್ಪೀಕರನ್ನು ಗೋಡೆಗೆ 25 ಸೆಂಟಿಮೀಟರ್ ಮಾತ್ರ ಉಳಿಯುವಷ್ಟು ಹತ್ತಿರ ತಳ್ಳಿದರೆ ಕುಸಿತ 343 ಹರ್ಟ್ಸ್‌ಗೆ ಏರುತ್ತದೆ. ಅಷ್ಟು ಎತ್ತರದಲ್ಲಿ ಸ್ಪೀಕರ್ ಹಿಂದಕ್ಕೆ ಕಳಿಸುವ ಸದ್ದೇ ಕಮ್ಮಿ, ಹಾಗಾಗಿ ಪೆಟ್ಟು ಸಣ್ಣದು.

ಎದುರು ಬದುರು ಗೋಡೆಗಳ ನಡುವೆ ಹೋಗಿ ಬಂದು ಮಾಡುವ ಅಲೆ ಇನ್ನೊಂದು ಬಗೆ. 4 ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಸ್ ಅಲೆ ನಿಂತಲ್ಲೇ ನಿಲ್ಲುತ್ತದೆ, ಸ್ಥಾಯೀ ಅಲೆ ಅನ್ನುತ್ತಾರೆ. ಗೋಡೆಗಳ ಹತ್ತಿರ ಜೋರು, ಸರಿ ನಡುವೆ ಸೊನ್ನೆ. ಕುರ್ಚಿಯನ್ನು ಅಂದವಾಗಿ ಕೋಣೆಯ ನಡುವೆ ಇಟ್ಟವರಿಗೆ ಬೇಸ್ ಇಲ್ಲ, ಮೂಲೆಯಲ್ಲಿ ನಿಂತು ಕೇಳುವವರಿಗೆ ಭರ್ಜರಿ ಬೇಸ್.

ಇದನ್ನು ಕೈಯಳತೆಯಲ್ಲಿ ನೋಡಬೇಕಾದರೆ 500 ಹರ್ಟ್ಸ್ ಹಾಕಿ, ಸ್ಪೀಕರನ್ನು ಬರಿ ಗೋಡೆಗೆ ಎದುರಾಗಿ ಇಡಿ. ಒಂದು ಕಿವಿಗೆ ಬೆರಳು ಇಟ್ಟುಕೊಂಡು, ಇನ್ನೊಂದು ಕಿವಿಯನ್ನು ಗೋಡೆಗೆ ಹಚ್ಚಿ, ಮೆಲ್ಲಗೆ ಹಿಂದೆ ಬನ್ನಿ. ಗೋಡೆಯ ಬಳಿ ಜೋರು. ಗೇಣಿಗೆ ಸ್ವಲ್ಪ ಕಮ್ಮಿ, ಸುಮಾರು 17 ಸೆಂಟಿಮೀಟರ್ ಬಂದಾಗ ಸದ್ದು ಕುಸಿಯುತ್ತದೆ. 34ಕ್ಕೆ ಮತ್ತೆ ಜೋರು. 51ಕ್ಕೆ ಮತ್ತೆ ಕುಸಿತ. ಬೆರಳು ಇಡದೆ ಮಾಡಿದರೆ ಕೆಲವರಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮ ಎರಡು ಕಿವಿಗಳ ನಡುವಿನ ದೂರವೂ ಹೆಚ್ಚು ಕಮ್ಮಿ ಅಷ್ಟೇ, ಒಂದು ಕಿವಿ ಕುಸಿತದಲ್ಲಿದ್ದಾಗ ಇನ್ನೊಂದು ಜೋರಿನಲ್ಲಿ ಇರಬಹುದು.

ಸದ್ದು ಪೂರ್ತಿ ಸೊನ್ನೆ ಆಗಲಿಲ್ಲ ಅಂತ ಲೆಕ್ಕವನ್ನು ಅನುಮಾನಿಸಬೇಡಿ. ಗೋಡೆ ಒಂದಿಷ್ಟನ್ನು ನುಂಗುತ್ತದೆ. ವಾಪಸ್ ಬಂದ ಅಲೆಯ ಎತ್ತರ ಅರ್ಧ ಇದ್ದರೆ ಜೋರಿನ ಜಾಗದಲ್ಲಿ ಒಂದೂವರೆ, ಕುಸಿತದಲ್ಲಿ ಅರ್ಧ. ಮೂರು ಪಟ್ಟು ಫರಕು, ಸುಮಾರು 9.5 ಡೆಸಿಬಲ್. ಕಿವಿಗೆ ಅದು ಧಾರಾಳ ಸಾಕು.

ಇಲ್ಲಿ ಬಹಳ ಜನ ಮಾಡುವ ತಪ್ಪು ಈಕ್ವಲೈಸರ್ (ಬೇರೆ ಬೇರೆ ಸ್ವರಗಳನ್ನು ಪ್ರತ್ಯೇಕವಾಗಿ ಏರಿಸಿ ಇಳಿಸುವ ಸೆಟ್ಟಿಂಗ್) ಏರಿಸುವುದು. ಕಳೆದುಹೋದ ಸ್ವರವನ್ನು 6 ಡೆಸಿಬಲ್ ಏರಿಸಿದರೆ ನೇರ ಅಲೆಯೂ ಎರಡು ಪಟ್ಟು, ಗೋಡೆಯ ಅಲೆಯೂ ಎರಡು ಪಟ್ಟು. ಎರಡರಿಂದ ಎರಡು ಕಳೆದರೂ ಸೊನ್ನೆಯೇ. ಆಂಪ್ಲಿಫೈಯರ್ ಮಾತ್ರ ಆ ಸ್ವರಕ್ಕೆ ನಾಲ್ಕು ಪಟ್ಟು ವಿದ್ಯುತ್ ಸುರಿಯುತ್ತಿರುತ್ತದೆ, ಪಕ್ಕದ ಕುರ್ಚಿಯವರು ಕಿವಿ ಮುಚ್ಚಿಕೊಳ್ಳುತ್ತಾರೆ. ಉಬ್ಬಿದ ಸ್ವರವನ್ನು ಈಕ್ವಲೈಸರಿನಿಂದ ಇಳಿಸಬಹುದು. ಕುಸಿತವನ್ನು ತುಂಬಲು ಆಗುವುದಿಲ್ಲ, ಸ್ಪೀಕರನ್ನೋ ಕುರ್ಚಿಯನ್ನೋ ಸರಿಸಲೇಬೇಕು.

ಸದ್ದು ತಾನಾಗೇ ಏರಿ ಇಳಿದರೆ

ನೀವು ಕದಲದೆ ಕೂತಿದ್ದೀರಿ, ಸದ್ದು ಮಾತ್ರ ವಾಂವ್ ವಾಂವ್ ಅನ್ನುತ್ತಿದೆ. ಇದಕ್ಕೆ ಜಾಗ ಕಾರಣವಲ್ಲ. ಎರಡು ಮೂಲಗಳ ಸ್ವರ ಸ್ವಲ್ಪ ಬೇರೆ. 440 ಮತ್ತು 442 ಹರ್ಟ್ಸ್ ಒಟ್ಟಿಗೆ ನುಡಿದರೆ ಸೆಕೆಂಡಿಗೆ ಎರಡು ಸಲ ಏರಿಳಿತ. ತಂತಿವಾದ್ಯ ಶ್ರುತಿ ಮಾಡುವವರು ಕೇಳುವುದು ಇದನ್ನೇ, ಏರಿಳಿತ ನಿಧಾನವಾಗುತ್ತಾ ನಿಂತರೆ ಶ್ರುತಿ ಸೇರಿತು. ಪಕ್ಕ ಪಕ್ಕ ಓಡುವ ಎರಡು ಮೋಟರುಗಳೂ ಹೀಗೆ ಹಾಡುತ್ತವೆ.

ನಮ್ಮ ಪರೀಕ್ಷೆಯೇ ಈ ಬಲೆಗೆ ಬೀಳಬಹುದು. ಎರಡು ಫೋನಿನಲ್ಲಿ ಬೇರೆ ಬೇರೆಯಾಗಿ 1000 ಹರ್ಟ್ಸ್ ಹಾಕಿದರೆ ಅವು ಕರಾರುವಾಕ್ಕಾಗಿ ಒಂದೇ ಇರಬೇಕೆಂದಿಲ್ಲ. ಒಂದು 1000.05 ಇದ್ದರೂ ಸಾಕು, 20 ಸೆಕೆಂಡಿಗೊಮ್ಮೆ ಸದ್ದು ಮುಳುಗಿ ಏಳುತ್ತದೆ. ನೀವು ಕುಸಿತ ಸಿಕ್ಕಿತು ಅಂತ ಅಲ್ಲಿ ಗುರುತು ಹಾಕುವಷ್ಟರಲ್ಲಿ ಅದು ಜೋರಾಗಿರುತ್ತದೆ. ಎರಡು ಸ್ಪೀಕರಿಗೂ ಒಂದೇ ಫೋನಿನಿಂದ ಸ್ವರ ಕೊಡಿ.

ಬೆಳಕಿನಲ್ಲಿ ಗೆರೆ ಕಾಣದಿದ್ದರೆ

ಎರಡು ಸೀಳು, ಒಂದು ಲೇಸರ್ ಇಟ್ಟುಕೊಂಡು ಯಂಗ್ ದಾರಿಯಲ್ಲಿ ಹೊರಟವರಿಗೂ ಇದೇ ತನಿಖೆ ಒದಗುತ್ತದೆ. ಗೆರೆಗಳ ನಡುವಿನ ದೂರ ಬೇಕಾದರೆ ಅಲೆಯ ಉದ್ದವನ್ನು ಪರದೆಯ ದೂರದಿಂದ ಗುಣಿಸಿ, ಸೀಳುಗಳ ನಡುವಿನ ಅಂತರದಿಂದ ಭಾಗಿಸಿ. 650 ನ್ಯಾನೋಮೀಟರಿನ ಕೆಂಪು ಲೇಸರ್, 2 ಮೀಟರ್ ದೂರ, 0.2 ಮಿಲಿಮೀಟರ್ ಅಂತರ: ಗೆರೆಗಳು 6.5 ಮಿಲಿಮೀಟರಿಗೊಂದು. ಅಂತರ 1 ಮಿಲಿಮೀಟರ್ ಆದರೆ ಗೆರೆಗಳು 1.3 ಮಿಲಿಮೀಟರಿಗೆ ಇಳಿಯುತ್ತವೆ. ಗೆರೆ ಇರುತ್ತದೆ, ಕಣ್ಣು ಅದನ್ನು ಬರೀ ಕೆಂಪು ಮಚ್ಚೆ ಅಂತ ಓದಿಬಿಡಬಹುದು. ಪರದೆ ದೂರ ಒಯ್ಯಿರಿ. ಲೇಸರಿನೊಳಗೆ ಎಂದೂ ಕಣ್ಣಿಟ್ಟು ನೋಡಬೇಡಿ.

ಎರಡು ಸೀಳಿಗೆ ಎರಡು ಬೇರೆ ಲೇಸರ್ ಹಿಡಿದರೆ ಗೆರೆ ಕಾಣುವುದೇ ಇಲ್ಲ, ಅದು ಎರಡು ಫೋನಿನ ಕತೆಯೇ, ಏರಿಳಿತ ಕಣ್ಣಿಗೆ ಸಿಗದಷ್ಟು ವೇಗ. ಇನ್ನು, ಸಾಲಿನಲ್ಲಿ ನಟ್ಟ ನಡುವಿನದನ್ನು ಬಿಟ್ಟು ಎಣಿಸಿದಾಗ ಮೂರನೇ ಗೆರೆ ಮಾತ್ರ ಎರಡೂ ಕಡೆ ಕಾಣೆಯಾಗಿದ್ದರೆ ಏನನ್ನೂ ಸರಿಪಡಿಸಬೇಡಿ. ಸೀಳಿನ ಅಗಲದ ಸರಿಯಾಗಿ ಮೂರು ಪಟ್ಟು ಅಂತರ ಇದ್ದಾಗ ಅದು ಕಾಣೆಯಾಗಲೇಬೇಕು. ಒಂದೊಂದು ಸೀಳೂ ತನ್ನೊಳಗೇ ಆ ದಿಕ್ಕಿನ ಬೆಳಕನ್ನು ಕಳೆದಿರುತ್ತದೆ, ಕೂಡಲು ಅಲ್ಲಿ ಏನೂ ಉಳಿದಿರುವುದಿಲ್ಲ.

ನನ್ನ ಸ್ಪೀಕರಿಗೆ ವಾಪಸ್ ಬಂದರೆ, ವೈರ್ ಸರಿ ಮಾಡಿದ ಮೇಲೂ 86 ಹರ್ಟ್ಸ್ ಹತ್ತಿರ ಒಂದು ತಗ್ಗು ಉಳಿದಿತ್ತು. ಅದಕ್ಕೆ ಸ್ಪೀಕರುಗಳನ್ನು ಗೋಡೆಗೆ ತಳ್ಳಿದೆ. ಗೆರೆಯಿರುವ ಎಳೆಯ ಎರಡೂ ತುದಿಗೆ ಈಗ ಕೆಂಪು ಟೇಪ್ ಸುತ್ತಿದೆ, ಮಬ್ಬು ಬೆಳಕಿನಲ್ಲೂ ಕಾಣುತ್ತದೆ.